ಒಂದೇ ಉತಾರದ ಎರಡು ಕಾರ್ಡು

“ಇದನ್ನ ಚಾಲೂ ಮಾಡಿದ್ರ ಅದು ಬಂದ್ ಆಕೈತ್ರಿ ಸರ್. ಅದನ್ನ ಚಾಲೂ ಮಾಡಿದ್ರ ಇದು ಬಂದ್. ಎರಡೂ ಕೂಡಿ ಒಂದ ದಿನಾನೂ ನೆಟ್ಟಗ ನಡದಿಲ್ರಿ.”

ಮೂಡಲಗಿಯ ಹೈಸ್ಕೂಲೊಂದರ ಕಂಪ್ಯೂಟರ್ ಕೋಣೆಯಲ್ಲಿ ವಿಜ್ಞಾನದ ಮಾಸ್ತರರು ನನಗೆ ಹೇಳಿದ ಮಾತಿದು. 2012ರ ಬೇಸಿಗೆ. ಮೂಡಲಗಿ ಆಗಿನ್ನೂ ಗೋಕಾಕ ತಾಲ್ಲೂಕಿನೊಳಗಿತ್ತು. ನಾನು ಗೋಕಾಕದಲ್ಲಿ ಡಿಪ್ಲೊಮಾ ಹುಡುಗರಿಗೆ ಕಂಪ್ಯೂಟರ್ ಜಾಲದ ಪಾಠ ಹೇಳುತ್ತಿದ್ದೆ. ರಜೆಯಲ್ಲಿ ಒಮ್ಮೆ ಬಂದು ನೋಡಿ ಹೋಗ್ರಿ ಅಂದಿದ್ದರು, ಹೋಗಿದ್ದೆ. ಯಾರೋ ಪುಣ್ಯಾತ್ಮರು ದಾನ ಕೊಟ್ಟ ಹನ್ನೆರಡು ಹಳೆಯ ಕಂಪ್ಯೂಟರುಗಳು, ಎಲ್ಲಕ್ಕೂ ಉಬುಂಟು ಎಂಬ ಲಿನಕ್ಸ್ ಹಾಕಿದ್ದರು. ಬೆಂಚಿನ ನಂಬರೇ ಐಪಿ ವಿಳಾಸದ ಕೊನೆಯ ಅಂಕಿ. ತಕರಾರು ಇದ್ದದ್ದು ನಾಲ್ಕು ಮತ್ತು ಒಂಬತ್ತನೆಯ ಯಂತ್ರಗಳದ್ದು.

ಮಾಸ್ತರರು ಸುಮ್ಮನೆ ಕೂತವರಲ್ಲ. ಕೇಬಲ್ ಬದಲಿಸಿದ್ದರು. ಅದರ ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಿದ್ದರು. ಸ್ವಿಚ್ಚಿನ ಬೇರೆ ಬೇರೆ ಪೋರ್ಟಿಗೆ ಹಾಕಿ ನೋಡಿದ್ದರು. ಒಂಬತ್ತನೆಯದಕ್ಕೆ ಎರಡು ಸಲ ಹೊಸದಾಗಿ ಉಬುಂಟು ಹಾಕಿದ್ದರು. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಏನು ಮಾಡಿದೆ, ಏನಾಯಿತು ಎಂದು ಬರೆದಿಟ್ಟಿದ್ದರು. ನಾಲ್ಕನೆಯದು ಬಂದ್ ಇದ್ದಾಗ ಒಂಬತ್ತನೆಯದು ಚೆನ್ನಾಗಿ ಓಡುತ್ತದೆ ಎಂಬ ಸಾಲಿನ ಕೆಳಗೆ ಕೆಂಪು ಗೆರೆ. ನನ್ನ ಹುಡುಕಾಟದ ಮೊದಲ ದಾಖಲೆ ಆ ನೋಟ್‌ಬುಕ್ಕು.

ನಾನು ಮಾಡಿದ್ದು ಇಷ್ಟೇ. ಮಾಸ್ತರರ ಕಂಪ್ಯೂಟರಿನಿಂದ ಎರಡೂ ಯಂತ್ರಗಳನ್ನು ಒಂದೊಂದು ಸಲ ಪಿಂಗ್ ಮಾಡಿ, ಆಮೇಲೆ ಎಆರ್‌ಪಿ ಪಟ್ಟಿ ತೆಗೆದೆ. ಯಾವ ಐಪಿ ವಿಳಾಸ ಯಾವ ಲ್ಯಾನ್ ಕಾರ್ಡಿನದು ಎಂದು ಕಂಪ್ಯೂಟರು ಬರೆದಿಟ್ಟುಕೊಳ್ಳುವ ಚಿಕ್ಕ ಪಟ್ಟಿ ಅದು. ನಾಲ್ಕರ ಮುಂದೆ ಅದರ ಕಾರ್ಡಿನ ಗುರುತಾದ ಹನ್ನೆರಡು ಅಕ್ಷರದ ಮ್ಯಾಕ್ ವಿಳಾಸ, ಒಂಬತ್ತರ ಮುಂದೆ ಹನ್ನೆರಡು ಅಕ್ಷರದ ಮ್ಯಾಕ್ ವಿಳಾಸ. ಎರಡನ್ನೂ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದೆವು. ಹನ್ನೆರಡೂ ಅವೇ.

ಸ್ವಿಚ್ಚು ಕಲಿಯುವುದು ಕೇಳಿಸಿಕೊಂಡು. ಯಾವ ಪೋರ್ಟಿನಿಂದ ಯಾವ ಮ್ಯಾಕ್ ವಿಳಾಸದ ಮಾತು ಬಂತೋ, ಆ ವಿಳಾಸದ ಮನೆ ಆ ಪೋರ್ಟಿನಲ್ಲಿದೆ ಎಂದು ಬರೆದುಕೊಳ್ಳುತ್ತದೆ. ನಾಲ್ಕನೆಯದು ಮಾತಾಡಿದರೆ ಮನೆ ನಾಲ್ಕರ ಪೋರ್ಟಿಗೆ ಬಂತು. ಮರುಕ್ಷಣ ಒಂಬತ್ತನೆಯದು ಮಾತಾಡಿದರೆ ಅದೇ ಮನೆ ಅಲ್ಲಿಗೆ ಹೋಯಿತು. ನಾಲ್ಕಕ್ಕೆ ಬಂದ ಪತ್ರವನ್ನೂ ಒಂಬತ್ತಕ್ಕೇ ಕೊಡುತ್ತದೆ. ಒಂಬತ್ತು ಅದನ್ನು ಬಿಚ್ಚಿ ನೋಡಿ, ಒಳಗಿನ ಐಪಿ ತನ್ನದಲ್ಲವೆಂದು ಎಸೆದುಬಿಡುತ್ತದೆ. ಹೀಗಾಗಿ ಕೊನೆಗೆ ಮಾತಾಡಿದವರದ್ದೇ ಮನೆ. ಮಾಸ್ತರರಿಗೆ ಇದು ಥಟ್ಟನೆ ತಿಳಿಯಿತು. “ಅಂದ್ರ ಒಂದ ಉತಾರ, ಇಬ್ಬರು ಮಾಲಕರು ಅಂದಂಗಾತ್ರಿ” ಎಂದರು. ಬೇರೆ ಕಡೆ ಪಹಣಿ ಅನ್ನುವುದನ್ನು ನಮ್ಮ ಕಡೆ ಉತಾರ ಅನ್ನುತ್ತಾರೆ. ಹೊಲದ ತಂಟೆ ನೋಡಿದ ಯಾರಿಗೂ ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಅಲ್ಲಿಗೆ ದುರಸ್ತಿ ಮುಗಿದಂತೆ. ಆದರೆ ನನ್ನ ತಲೆಯೊಳಗೆ ಹುಳ ಹೊಕ್ಕಿತ್ತು. ಜಗತ್ತಿನ ಯಾವ ಎರಡು ಕಾರ್ಡಿಗೂ ಒಂದೇ ಮ್ಯಾಕ್ ವಿಳಾಸ ಇರುವುದಿಲ್ಲ ಎಂದು ನಾನೇ ವರ್ಷಾನುವರ್ಷ ಕರಿಹಲಗೆಯ ಮೇಲೆ ಬರೆದವನು. ಆ ನಂಬರು ಕಾರ್ಡಿನಲ್ಲಿ ಎಲ್ಲಿ ಬರೆದಿದೆ? ಅದನ್ನು ಓದಿ ಕಂಪ್ಯೂಟರಿಗೆ ಹೇಳುವವರು ಯಾರು? ಅದು ಒಂದೇ ಇರಬೇಕೆಂಬ ಕಟ್ಟಳೆ ಯಾರದು?

ಎರಡನೆಯ ಪ್ರಶ್ನೆಗೆ ಉತ್ತರ ಗೊತ್ತಿತ್ತು: ಡ್ರೈವರ್. ಆಪರೇಟಿಂಗ್ ಸಿಸ್ಟಮ್‌ಗೆ ಕಾರ್ಡಿನ ಭಾಷೆ ಬರುವುದಿಲ್ಲ. “ಈ ಪೊಟ್ಟಣ ಕಳಿಸು”, “ಬಂದದ್ದನ್ನು ಕೊಡು” ಎಂಬ ಎರಡು ಮಾತು ಅದಕ್ಕೆ ಸಾಕು. ಚಿಪ್ಪಿನ ಯಾವ ರಿಜಿಸ್ಟರಿಗೆ ಯಾವ ಅಂಕಿ ಬರೆದರೆ ಪೊಟ್ಟಣ ಹೊರಡುತ್ತದೆ, ಚಿಪ್ಪು ಕೂಗಿದಾಗ ಯಾಕೆ ಕೂಗಿತು ಎಂಬುದೆಲ್ಲ ಡ್ರೈವರಿಗೆ ಮಾತ್ರ ಗೊತ್ತು. ಮೂಡಲಗಿಯ ಕಾರ್ಡುಗಳ ಮೇಲೆ ತಯಾರಕರ ಹೆಸರು ಇರಲಿಲ್ಲ, ಬರೀ ಹಸಿರು ಹಲಗೆ. ಮೇಲಿದ್ದ ಚಿಪ್ಪು ಮಾತ್ರ ಹೆಸರುವಾಸಿ: ತೈವಾನಿನ ರಿಯಲ್‌ಟೆಕ್ ಕಂಪನಿಯ ಆರ್‌ಟಿಎಲ್8139. ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ಲ್ಯಾನ್ ಕಾರ್ಡ್ ಕೊಡ್ರಿ ಅಂದರೆ ಅಂಗಡಿಯವರು ಕೈಗೆ ಕೊಡುತ್ತಿದ್ದದ್ದು ಹೆಚ್ಚಾಗಿ ಇದನ್ನೇ. ಲಿನಕ್ಸ್ ಕರ್ನಲಿನಲ್ಲಿ ಇದರ ಡ್ರೈವರಿನ ಹೆಸರು 8139ಟೂ. ಒಂದೇ ಕಡತ. ಗೋಕಾಕಕ್ಕೆ ಮರಳಿದ ರಾತ್ರಿಯೇ ತೆಗೆದು ಕೂತೆ.

ಕಡತದೊಳಗೆ ವಿಳಾಸ ಓದುವ ಭಾಗ ಚಿಕ್ಕದು. ಚಿಪ್ಪಿನ ಪಕ್ಕದಲ್ಲಿ ಎಂಟು ಕಾಲಿನ ಇನ್ನೊಂದು ಪುಟ್ಟ ಚಿಪ್ಪು ಇರುತ್ತದೆ, ಜೀರಿಗೆಗಿಂತ ತುಸು ದೊಡ್ಡದು. 93ಸಿ46 ಎಂಬ ಜಾತಿಯ ಇಇಪ್ರಾಮ್. ಅದರಲ್ಲಿ 64 ಮನೆಗಳು, ಒಂದೊಂದು ಮನೆಯಲ್ಲಿ 16 ಬಿಟ್. ಎಲ್ಲ ಸೇರಿ 128 ಬೈಟ್. ಕರೆಂಟು ಹೋದರೂ ಅಳಿಸುವುದಿಲ್ಲ. ಇದನ್ನು ಓದುವ ಕ್ರಮ ಬಾವಿಯಿಂದ ಹಗ್ಗ ಜಗ್ಗಿದ ಹಾಗೆ. ಡ್ರೈವರು ಒಂದು ರಿಜಿಸ್ಟರಿನ ಒಂದು ಬಿಟ್ಟನ್ನು ಮೇಲೆತ್ತುತ್ತದೆ, ಇಳಿಸುತ್ತದೆ. ಅದೇ ಗಡಿಯಾರದ ಮಿಡಿತ. ಒಂದು ಮಿಡಿತಕ್ಕೆ ಒಂದು ಬಿಟ್. ಮೊದಲು “ಇಂಥ ಮನೆಯದನ್ನು ಕೊಡು” ಎಂಬ ಆಜ್ಞೆಯನ್ನು ಬಿಟ್ ಬಿಟ್ಟಾಗಿ ಒಳಗೆ ತಳ್ಳಬೇಕು, ಆಮೇಲೆ ಹದಿನಾರು ಸಲ ಜಗ್ಗಿದರೆ ಹದಿನಾರು ಬಿಟ್ ಹೊರಗೆ. ನಡುವೆ ಆ ಪುಟ್ಟ ಚಿಪ್ಪಿಗೆ ಉಸಿರಾಡಲು ವೇಳೆ ಕೊಡಬೇಕಲ್ಲ, ಅದಕ್ಕೆ ಡ್ರೈವರು ಅದೇ ರಿಜಿಸ್ಟರನ್ನು ಒಮ್ಮೆ ಓದಿ, ಓದಿದ್ದನ್ನು ಬಿಟ್ಟುಬಿಡುತ್ತದೆ. ಹೋಗಿ ಬರುವಷ್ಟರಲ್ಲಿ ಬೇಕಾದಷ್ಟು ಹೊತ್ತು ಕಳೆದಿರುತ್ತದೆ. ಮ್ಯಾಕ್ ವಿಳಾಸ ಇರುವುದು 7, 8, 9ನೆಯ ಮನೆಗಳಲ್ಲಿ. ಮೂರು ಮನೆ, ಮೂರು ಹದಿನಾರಲೆ 48 ಬಿಟ್.

ಅಲ್ಲೇ ಒಂದು ಬೆರಗು ಕಾದಿತ್ತು. ಮೊಟ್ಟಮೊದಲ ಮನೆಯಲ್ಲಿ, ಅಂದರೆ ಸೊನ್ನೆಯ ಮನೆಯಲ್ಲಿ, ಗುರುತಿನ ಸಂಖ್ಯೆಯೊಂದು ಇರಬೇಕೆಂದು ಡ್ರೈವರು ನಿರೀಕ್ಷಿಸುತ್ತದೆ. ಆ ಸಂಖ್ಯೆ 8139 ಅಲ್ಲ, 8129. ಅದು ಈ ಚಿಪ್ಪಿನ ಅಣ್ಣನ ಹೆಸರು. ರಿಯಲ್‌ಟೆಕ್‌ನ 8129 ಮೊದಲು ಬಂದದ್ದು. ಅದಕ್ಕೆ ತಂತಿಯ ಜೊತೆ ಮಾತಾಡುವ ಭಾಗ ಹೊರಗಡೆ ಬೇರೆಯೇ ಬೇಕಾಗಿತ್ತು. ತಮ್ಮ ಬಂದು ಆ ಭಾಗವನ್ನೂ ಒಳಗಿಟ್ಟುಕೊಂಡ, ಇಇಪ್ರಾಮಿನ ತಲೆಬರಹ ಮಾತ್ರ ಅಣ್ಣನ ಹೆಸರಲ್ಲೇ ಉಳಿಯಿತು. ವಾರಸಾ ಆಗದ ಹೊಲದ ಉತಾರದಲ್ಲಿ ತೀರಿಹೋದ ಅಜ್ಜನ ಹೆಸರೇ ಮುಂದುವರಿಯುತ್ತದಲ್ಲ, ಹಾಗೆ. ನಾನು ಕುರ್ಚಿ ಹಿಂದೆ ಸರಿಸಿ ಎದ್ದು ನಿಂತೆ. ಇದು ಬರೀ ಪ್ರೋಗ್ರಾಮಲ್ಲ, ದಫ್ತರ ಅನ್ನಿಸಿದ್ದು ಆಗ.

ದಫ್ತರ ಅಂದಮೇಲೆ ಹೆಸರುಗಳು. ಕಡತದ ನೆತ್ತಿಯ ಮೇಲೆ ಉದ್ದನೆಯ ಟಿಪ್ಪಣಿ ಇದೆ. ನೋಡಿಕೊಳ್ಳುವವರು ಜೆಫ್ ಗಾರ್ಜಿಕ್, ಹಕ್ಕುಸ್ವಾಮ್ಯದ ವರ್ಷ 2000ದಿಂದ. ಅದರ ಕೆಳಗೆ, ಬಹುಪಾಲು ಕೋಡ್ ಡೊನಾಲ್ಡ್ ಬೆಕರ್ ಬರೆದ ಹಳೆಯ ಡ್ರೈವರಿನದು ಎಂಬ ಒಪ್ಪಿಗೆ. ಬೆಕರ್ ಅವರದೇ ಹಳೆಯ ಟಿಪ್ಪಣಿಯನ್ನು ಕತ್ತರಿಸಿ ಹಾಗೆಯೇ ಅಂಟಿಸಿ, 1997ರಿಂದ 2001 ಎಂಬ ವರ್ಷಗಳನ್ನೂ ಉಳಿಸಿದ್ದಾರೆ. ಆಮೇಲೆ ಉಪಕಾರ ಸ್ಮರಣೆ. ಬೆಕರರಿಗೆ ವಂದನೆ ಹೇಳಿ, ಈಗ ಇದು ಅವರ ಡ್ರೈವರಲ್ಲ, ದಯಮಾಡಿ ತೊಂದರೆಗಳನ್ನು ಅವರಿಗೆ ಬರೆಯಬೇಡಿ ಎಂಬ ವಿನಂತಿ. ಇನ್ನೊಬ್ಬರು ಗಾರ್ಜಿಕ್ ಅವರ ಜೊತೆ ಕಾರ್ಡುಗಳನ್ನು ಅದಲುಬದಲು ಮಾಡಿಕೊಂಡರಂತೆ; ಹಳೆಯ ಚಿಪ್ಪುಗಳಲ್ಲಿದ್ದ ದೊಡ್ಡ ದೋಷವೊಂದು ಸಿಕ್ಕಿದ್ದು ಅದರಿಂದ. ಮತ್ತೊಬ್ಬರು ಚಿಪ್ಪಿನ ಕೈಪಿಡಿಯಲ್ಲೇ ಇಲ್ಲದ ಗುಟ್ಟುಗಳನ್ನು ತಿಳಿಸಿದವರು. ಇವರಿಗೆ ರಿಯಲ್‌ಟೆಕ್ ಸಂಬಳ ಕೊಡುತ್ತಿರಲಿಲ್ಲ. ತಮ್ಮ ಕಾರ್ಡು ನಡೆಯಲಿಲ್ಲವೆಂದು ಶುರುಮಾಡಿ, ಎಲ್ಲರ ಕಾರ್ಡೂ ನಡೆಯುವಂತೆ ಮಾಡಿ ಹೋದವರು. ಮೂಡಲಗಿಯ ಮಾಸ್ತರರ ನೋಟ್‌ಬುಕ್ಕಿಗೂ ಈ ಪಟ್ಟಿಗೂ ನನಗೆ ಬಹಳ ಅಂತರ ಕಾಣಲಿಲ್ಲ.

ಬೆಕರ್ ಯಾರು ಎಂದು ಹಿಂದಕ್ಕೆ ಹೋದೆ. ಅಮೆರಿಕದ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ 1994ರಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಬೆಕರ್ ಹದಿನಾರು ಸಾಮಾನ್ಯ 486 ಕಂಪ್ಯೂಟರುಗಳನ್ನು ಈಥರ್‌ನೆಟ್ ತಂತಿಯಿಂದ ಕಟ್ಟಿ ಒಂದೇ ದೊಡ್ಡ ಯಂತ್ರದಂತೆ ದುಡಿಸಿದರು. ಬಿಯೊವುಲ್ಫ್ ಎಂಬ ಹೆಸರಿನಿಂದ ಪ್ರಸಿದ್ಧವಾದದ್ದು ಅದು. ಅಗ್ಗದ ಕಾರ್ಡು ಲಿನಕ್ಸಿನಲ್ಲಿ ಸರಿಯಾಗಿ ನಡೆದರೆ ಮಾತ್ರ ಆ ಕೆಲಸ ಸಾಧ್ಯ. ಹಾಗಾಗಿ ಬೆಕರ್ ಒಂದರ ಮೇಲೊಂದು ಈಥರ್‌ನೆಟ್ ಡ್ರೈವರ್ ಬರೆದರು. ಸೂಪರ್‌ಕಂಪ್ಯೂಟರ್ ಕೊಳ್ಳಲು ಆಗದವರಿಗೆಂದು ಮಾಡಿದ ಕೆಲಸ ಕಂಪ್ಯೂಟರೇ ಕೊಳ್ಳಲಾಗದ ಶಾಲೆಗೂ ಬಂದು ಮುಟ್ಟಿತ್ತು.

ಇದೇ ಚಿಪ್ಪಿಗೆ ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನಲ್ಲಿ ಬಿಲ್ ಪಾಲ್ ಡ್ರೈವರ್ ಬರೆದರು, ಆಗ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದರು. ಅವರ ಟಿಪ್ಪಣಿ ಖಾರವಾಗಿದೆ. ಪಿಸಿಐ ಈಥರ್‌ನೆಟ್ ಚಿಪ್ಪುಗಳಲ್ಲಿ ಬಹುಶಃ ಇದಕ್ಕಿಂತ ಕೆಟ್ಟದ್ದು ಇನ್ನೊಂದೇ ಇದ್ದೀತು ಎಂಬರ್ಥದ ಮಾತು ಅಲ್ಲಿದೆ. ಕಾರಣವನ್ನೂ ಕೊಟ್ಟಿದ್ದಾರೆ. ಕಳಿಸಲು ನಾಲ್ಕೇ ನಾಲ್ಕು ಕಟ್ಟೆಗಳು. ಬರುವುದೆಲ್ಲ ಒಂದೇ ಉದ್ದ ಕಣಜದಲ್ಲಿ ಸಾಲಾಗಿ ಬೀಳುತ್ತದೆ, ಅಲ್ಲಿಂದ ಪ್ರತಿಯೊಂದು ಪೊಟ್ಟಣವನ್ನೂ ಪ್ರೊಸೆಸರೇ ತೋಡಿ ಬೇರೆ ಕಡೆ ಸುರಿಯಬೇಕು. ಚಿಪ್ಪು ಉಳಿಸಿದ ಕಾಸಿಗೆ ಪ್ರೊಸೆಸರು ಬೆವರು ಸುರಿಸುತ್ತದೆ. ಸಿಟ್ಟು ಸರಿಯಾದದ್ದೇ. ಆದರೆ ಅಷ್ಟು ಬೈದವರೂ ಡ್ರೈವರನ್ನು ಪೂರ್ತಿ ಬರೆದೇ ಎದ್ದರು, ಅದಕ್ಕೆ ನನಗೆ ಅವರ ಮೇಲೆ ಗೌರವ.

ಇಲ್ಲಿಂದ ಹಿಂದಕ್ಕೆ ದಾರಿ ಕಷ್ಟವಾಯಿತು. ಲಿನಕ್ಸ್ ಕರ್ನಲಿನ ಪ್ರತಿ ಬದಲಾವಣೆಯೂ ಗಿಟ್ ಎಂಬ ದಾಖಲೆಯಲ್ಲಿ ದಿನಾಂಕ, ಹೆಸರು, ಕಾರಣ ಸಮೇತ ಇದೆ. ಕಡತದ ಹೆಸರು ಹಾಕಿ ಕೇಳಿದರೆ 2011ಕ್ಕೆ ಬಂದು ನಿಂತುಬಿಟ್ಟಿತು. ಆ ವರ್ಷ ಈಥರ್‌ನೆಟ್ ಡ್ರೈವರುಗಳನ್ನೆಲ್ಲ ಕಂಪನಿವಾರು ಓಣಿಗಳಿಗೆ ಎತ್ತಂಗಡಿ ಮಾಡಿದ್ದರು. ನಮ್ಮ ಕಡತ ಹೊಸ ರಿಯಲ್‌ಟೆಕ್ ಓಣಿಗೆ ಹೋಗಿತ್ತು. ಹಳೆಯ ಮನೆಯವರೆಗೂ ಹಿಂಬಾಲಿಸು ಎಂದು ಗಿಟ್‌ಗೆ ಬೇರೆಯಾಗಿ ಹೇಳಬೇಕು. ಹೇಳಿದೆ, 2005ರ ಏಪ್ರಿಲ್‌ವರೆಗೆ ಹೋಯಿತು, ಅಲ್ಲಿ ಗೋಡೆ. ಗಿಟ್ ಹುಟ್ಟಿದ್ದೇ ಆ ತಿಂಗಳು, ಮೊದಲ ಪುಟದಲ್ಲಿ ಇಡೀ ಕರ್ನಲನ್ನು ಒಮ್ಮೆಲೇ ಇಳಿಸಿಟ್ಟಿದ್ದಾರೆ. ಅದಕ್ಕಿಂತ ಹಿಂದಿನದಕ್ಕೆ ಹಳೆಯ ಆವೃತ್ತಿಗಳ ಗಂಟುಗಳನ್ನೇ ಇಳಿಸಿಕೊಂಡು, 2.2ರದು ಒಂದು ಕಡೆ, 2.4ರದು ಒಂದು ಕಡೆ ಹರವಿ ಸಾಲಿಗೆ ಸಾಲು ಹೋಲಿಸಬೇಕು. ಮಳೆಗಾಲದ ಭಾನುವಾರಗಳು ಅದಕ್ಕೇ ಹೋದವು. ಬೆಕರ್ ಅವರ ಮೂಲ ಡ್ರೈವರ್ 8129 ಮತ್ತು 8139 ಎರಡಕ್ಕೂ ಸೇರಿಯೇ ಬರೆದದ್ದು ಎಂದು ಅಲ್ಲಿ ಕಂಡಿತು. ವಿಳಾಸ ಇರುವ ಮೂರು ಮನೆಗಳು ಅಲ್ಲೂ ಅವೇ. ತಿದ್ದಿದವರು ಎಷ್ಟೇ ಮಂದಿಯಾದರೂ, ಇಇಪ್ರಾಮು ಹೇಳಿದ್ದನ್ನು ಡ್ರೈವರು ನಂಬುತ್ತದೆ. ಈ ವಿಳಾಸ ಇನ್ನೊಬ್ಬರ ಹತ್ತಿರವೂ ಇದೆಯೇ ಎಂದು ಕೇಳುವ ಉಪಾಯ ಅದಕ್ಕಿಲ್ಲ.

ಹಾಗಿದ್ದರೆ ತಪ್ಪು ಇಇಪ್ರಾಮಿನೊಳಗೇ ಇರಬೇಕು. ಕಾಗದದ ಹುಡುಕಾಟ ಬಿಟ್ಟು ಕಾರ್ಡಿನ ಜಾಡು ಹಿಡಿದೆ. ಮೂಡಲಗಿಗೆ ಕಂಪ್ಯೂಟರ್ ಕೊಟ್ಟವರು ಗೋಕಾಕದವರು. ಅವರು ಕೊಂಡದ್ದು ಹುಕ್ಕೇರಿಯಲ್ಲಿ ಮುಚ್ಚಿದ ಒಂದು ಸೈಬರ್ ಸೆಂಟರಿನಿಂದ. ಘಟಪ್ರಭಾ ದಾಟಿ ಹುಕ್ಕೇರಿಗೆ ಹೋದೆ. ಮಾಲೀಕರು ಅದೇ ಜಾಗದಲ್ಲಿ ಝೆರಾಕ್ಸ್ ಮತ್ತು ಮೊಬೈಲ್ ರಿಚಾರ್ಜ್ ಅಂಗಡಿ ಇಟ್ಟಿದ್ದರು. ಕಾರ್ಡಿನ ಬಿಲ್ ಕೇಳಿದೆ. ಒಂದು ದಪ್ಪ ಫೈಲು ತೆಗೆದರು, ವರ್ಷವಾರು ಕರೆಂಟ್ ಬಿಲ್ಲು. ಹುಕ್ಕೇರಿಯಲ್ಲಿ ವಿದ್ಯುತ್ ಹಂಚುವುದು ಸದಸ್ಯರದೇ ಸಂಸ್ಥೆಯಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ, 1969ರಿಂದ ಬಂದದ್ದು. ಅದರ ರಸೀದಿ ಒಂದೂ ತಪ್ಪಿರಲಿಲ್ಲ. ಕಾರ್ಡಿನದ್ದು ಮಾತ್ರ ಇರಲಿಲ್ಲ.

“ಕೊಲ್ಹಾಪುರದಿಂದ ತರಿಸಿದ್ದು ನೋಡ್ರಿ, ಒಂದ ಡಬ್ಬಿ. ಬಿಲ್ ಎಲ್ಲಿದ್ರಿ ಅವಕ್ಕ?” ಎಂದು ಅಟ್ಟದಿಂದ ಒಂದು ಬಿಸ್ಕೀಟಿನ ರಟ್ಟಿನ ಪೆಟ್ಟಿಗೆ ಇಳಿಸಿದರು. ಅದೇ ಹಸಿರು ಹಲಗೆಯ ಐದು ಕಾರ್ಡು, ದಾರದಲ್ಲಿ ಕಟ್ಟಿ ಇಟ್ಟಿದ್ದರು. ದುಡ್ಡು ತಗೊಳ್ಳಲಿಲ್ಲ.

ಬೆಕರ್ ತಮ್ಮ ಡ್ರೈವರುಗಳ ಜೊತೆಗೆ ರೋಗಪತ್ತೆಯ ಸಣ್ಣ ಪ್ರೋಗ್ರಾಮುಗಳನ್ನೂ ಬರೆದಿದ್ದರು. 8139ಕ್ಕೂ ಒಂದಿದೆ, ಇಇಪ್ರಾಮಿನ 64 ಮನೆಯನ್ನೂ ಸಾಲಾಗಿ ಅಚ್ಚುಹಾಕುತ್ತದೆ. ಮೂಡಲಗಿಯ ಎರಡು, ಹುಕ್ಕೇರಿಯ ಐದು, ಒಟ್ಟು ಏಳು ಕಾರ್ಡನ್ನು ಒಂದೊಂದಾಗಿ ಹಳೆಯ ಯಂತ್ರಕ್ಕೆ ಸಿಕ್ಕಿಸಿ, ಏಳು ಹಾಳೆ ತೆಗೆದೆ. ಮೂಡಲಗಿಯ ಎರಡು ಹಾಳೆಯನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಅಕ್ಷರದ ಮೇಲೆ ಅಕ್ಷರ ಕೂತಿತು. ಅರವತ್ತನಾಲ್ಕೂ ಮನೆ. ಹುಕ್ಕೇರಿಯ ಐದರಲ್ಲಿ ನಾಲ್ಕು ತಮ್ಮ ತಮ್ಮ ವಿಳಾಸ ಇಟ್ಟುಕೊಂಡಿದ್ದವು. ಒಂದು ಮೂಡಲಗಿಯ ಎರಡಕ್ಕೆ ಮೂರನೆಯ ಅವಳಿ. ಎಲ್ಲದರ ಸೊನ್ನೆಯ ಮನೆಯಲ್ಲೂ 8129. ರಿಯಲ್‌ಟೆಕ್ ಚಿಪ್ಪಿನ ತಪ್ಪು ಇದರಲ್ಲಿ ಏನೂ ಇಲ್ಲ. ಹೆಸರಿಲ್ಲದ ಯಾವುದೋ ಕೈ, ಹಲಗೆಗೆ ಪುಟ್ಟ ಚಿಪ್ಪು ಬೆಸೆಯುವಾಗ ಅಂಕಿಯನ್ನು ಮುಂದಕ್ಕೆ ಏರಿಸದೆ ಒಂದೇ ಪ್ರತಿಯನ್ನು ಮತ್ತೆ ಮತ್ತೆ ಇಳಿಸಿದೆ ಎಂಬುದೇ ನನ್ನ ತೀರ್ಮಾನ.

ಉಳಿದದ್ದು ಮೂರನೆಯ ಪ್ರಶ್ನೆ, ಕಟ್ಟಳೆ ಯಾರದು ಎಂಬುದು. ಅದರ ಉತ್ತರ ಸಿಕ್ಕಾಗ ನನಗಾದ ಖುಷಿಯನ್ನು ಮುಚ್ಚಿಡಲಾರೆ. 1973ರ ಮೇ 22ರಂದು ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಬಾಬ್ ಮೆಟ್‌ಕಾಫ್ ಈಥರ್‌ನೆಟ್ ಎಂಬ ಹೆಸರನ್ನು ಮೊದಲ ಸಲ ಬರೆದರು. ಅವರ ಪ್ರಾಯೋಗಿಕ ಜಾಲದಲ್ಲಿ ವಿಳಾಸಕ್ಕೆ 8 ಬಿಟ್ ಮಾತ್ರ, ಅಂದರೆ 256 ಸಂಖ್ಯೆ. ಒಂದು ಕಟ್ಟಡಕ್ಕೆ ಸಾಕು. ಇನ್ನೊಂದು ಕಟ್ಟಡದಲ್ಲಿ ಅದೇ ಸಂಖ್ಯೆ ಮತ್ತೆ ಬರುತ್ತದೆ. ಇದನ್ನು 48 ಬಿಟ್ಟಿಗೆ ಏರಿಸಿ, ಯಂತ್ರ ಯಾವ ಜಾಲಕ್ಕೆ ಹೋದರೂ ಅದರ ಸಂಖ್ಯೆ ಅದರದೇ ಆಗಿರಬೇಕು ಎಂದು ವಾದಿಸಿದ ಪ್ರಬಂಧ ಬಂದದ್ದು 1981ರಲ್ಲಿ. ಬರೆದವರು ರಾಬರ್ಟ್ ಪ್ರಿಂಟಿಸ್ ಮತ್ತು ಯೋಗೇನ್ ದಲಾಲ್. ದಲಾಲ್ ಓದಿದ್ದು ಮುಂಬೈ ಐಐಟಿಯಲ್ಲಿ, ಆಮೇಲೆ ಸ್ಟ್ಯಾನ್‌ಫರ್ಡ್. ಇಂಟರ್‌ನೆಟ್ಟಿನ ಬೆನ್ನೆಲುಬಾದ ಟಿಸಿಪಿಯ 1974ರ ಡಿಸೆಂಬರ್ ನಿರೂಪಣೆಗೆ ವಿಂಟ್ ಸರ್ಫ್ ಮತ್ತು ಕಾರ್ಲ್ ಸನ್‌ಶೈನ್ ಜೊತೆ ಸಹಿ ಹಾಕಿದವರೂ ಇವರೇ.

48 ಬಿಟ್ ಅಂದರೆ ಸುಮಾರು 2.8 ಕೋಟಿ ಕೋಟಿ ಸಂಖ್ಯೆಗಳು. ಮುಂದಿನ ಅರ್ಧವನ್ನು ಕಂಪನಿಗೆ ಹಂಚುವುದು, ಹಿಂದಿನ ಅರ್ಧದ 1,67,77,216 ಸಂಖ್ಯೆಗಳನ್ನು ಆ ಕಂಪನಿ ಒಂದನ್ನು ಒಂದೇ ಸಲ ಬಳಸುವುದು. ಮೊದಲು ಝೆರಾಕ್ಸ್ ಈ ಲೆಕ್ಕ ಇಟ್ಟಿತು, ಆಮೇಲೆ ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆ ವಹಿಸಿಕೊಂಡಿತು. ಕಾವಲು ಅಷ್ಟೇ: ಮೇಲಿನ ಅರ್ಧಕ್ಕೆ ಒಂದು ಲೆಡ್ಜರು, ಕೆಳಗಿನ ಅರ್ಧಕ್ಕೆ ತಯಾರಕರ ಪ್ರಾಮಾಣಿಕತೆ. ಉತಾರದ್ದೂ ಇದೇ ಕಥೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಭೂಮಿ ಯೋಜನೆಯಡಿ ರಾಜ್ಯದ 177 ತಾಲ್ಲೂಕುಗಳಲ್ಲಿ ಸುಮಾರು 2 ಕೋಟಿ ಉತಾರಗಳು ಕಂಪ್ಯೂಟರಿಗೆ ಏರಿದವು, 15 ರೂಪಾಯಿಗೆ ಕಿಟಕಿಯಲ್ಲಿ ಸಿಗತೊಡಗಿದವು. ಅಲ್ಲೂ ಗ್ರಾಮ, ಸರ್ವೆ ನಂಬರು, ಹಿಸ್ಸಾ ಮೂರೂ ಕೂಡಿದರೆ ಒಂದೇ ತುಂಡು ಹೊಲ ಎಂಬ ಭರವಸೆ. ಆ ಭರವಸೆಯ ಹಿಂದೆ ಇರುವುದು ಸರಪಳಿ ಹಿಡಿದು ಅಳೆದವರು, ತಪ್ಪಿಲ್ಲದೆ ಬರೆದವರು. ಮಾಸ್ತರರ ಹೋಲಿಕೆ ಎಷ್ಟು ಸರಿಯಾಗಿತ್ತು ಎಂದು ಆ ಪ್ರಬಂಧ ಓದಿದಾಗ ತಿಳಿಯಿತು.

ಮೂಡಲಗಿಯ ತಕರಾರನ್ನು ಬಗೆಹರಿಸಿದ್ದು ಸುಲಭದಲ್ಲೇ. ಐಇಇಇ ನಿಯಮದಲ್ಲಿ ಒಂದು ಬಿಟ್ ಬಿಟ್ಟುಕೊಟ್ಟಿದ್ದಾರೆ. ಮೊದಲ ಬೈಟಿನ ಆ ಬಿಟ್ 1 ಇದ್ದರೆ, ಈ ವಿಳಾಸ ಕಂಪನಿಯದಲ್ಲ, ಊರಿನವರೇ ಇಟ್ಟದ್ದು ಎಂದರ್ಥ. ಹಾಗೆ 02ರಿಂದ ಶುರುವಾಗುವ ವಿಳಾಸವೊಂದನ್ನು ಒಂಬತ್ತನೆಯ ಯಂತ್ರದ ಜಾಲದ ಕಡತದಲ್ಲಿ ಬರೆದೆವು. ಡ್ರೈವರು ಕಾರ್ಡನ್ನು ಎಬ್ಬಿಸುವಾಗ ಚಿಪ್ಪಿನ ಒಂದು ರಿಜಿಸ್ಟರಿಗೆ ಬೀಗ ತೆಗೆಯುವ ಅಂಕಿ ಬರೆಯುತ್ತದೆ, ತಾನು ತಿಳಿದ ವಿಳಾಸವನ್ನು ಚಿಪ್ಪಿನೊಳಗೆ ಇಡುತ್ತದೆ, ಮತ್ತೆ ಬೀಗ ಹಾಕುತ್ತದೆ. ಆ ಬೀಗದ ರಿಜಿಸ್ಟರೂ, ಇಇಪ್ರಾಮನ್ನು ಬಿಟ್ ಬಿಟ್ಟಾಗಿ ಜಗ್ಗುವ ರಿಜಿಸ್ಟರೂ ಒಂದೇ. ಪುಟ್ಟ ಚಿಪ್ಪಿನೊಳಗಿನ ಹಳೆಯ ವಿಳಾಸಕ್ಕೆ ನಾವು ಕೈ ಹಚ್ಚಲಿಲ್ಲ. ಯಂತ್ರ ಪ್ರತಿ ಸಲ ಏಳುವಾಗಲೂ ಡ್ರೈವರು ಮೊದಲು ತಪ್ಪು ವಿಳಾಸ ಓದಿ, ಆಮೇಲೆ ನಾವು ಕೊಟ್ಟದ್ದನ್ನು ಹೊದಿಸುತ್ತಿತ್ತು. ನಾಲ್ಕು, ಒಂಬತ್ತು ಎರಡೂ ಕೂಡಿ ಓಡಿದ ದಿನ ಮಾಸ್ತರರು ನೋಟ್‌ಬುಕ್ಕಿನಲ್ಲಿ ತಾರೀಖು ಬರೆದು, ಹಸಿರು ಪೆನ್ನಿನಿಂದ ಗೆರೆ ಎಳೆದರು.

ಆ ಯಂತ್ರಗಳು ಈಗಿಲ್ಲ. ಹೊಸವು ಬಂದಾಗ ಹಳೆಯವು ಗುಜರಿಗೆ ಹೋದವು, ಕಾರ್ಡುಗಳನ್ನು ಮಾತ್ರ ಮಾಸ್ತರರು ಬಿಚ್ಚಿ ನನಗೆ ಕೊಟ್ಟರು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಲೋಳಸೂರ ಸೇತುವೆ ಮುಳುಗಿ ಗೋಕಾಕದ ಓಣಿಗಳಲ್ಲಿ ನೀರು ನಿಂತಾಗ, ನಮ್ಮ ಮನೆಯ ಕೆಳಗಿನ ಕಪಾಟಿನ ಪುಸ್ತಕವೆಲ್ಲ ನೆನೆದವು. ಅಟ್ಟದ ಮೇಲಿದ್ದ ಆ ಕಾರ್ಡುಗಳ ಬಿಸ್ಕೀಟಿನ ಪೆಟ್ಟಿಗೆ ಒಣಗೇ ಇತ್ತು.

ಪ್ರತಿ ವರ್ಷ ಡ್ರೈವರಿನ ಪಾಠ ಬಂದಾಗ ಅದರಿಂದ ಎರಡು ಕಾರ್ಡು ತೆಗೆದು, ಪಿಸಿಐ ಸಂದಿಯಿರುವ ಎರಡು ಹಳೆಯ ಯಂತ್ರಕ್ಕೆ ಹಾಕುತ್ತೇನೆ. ಹುಡುಗರು ಎರಡು ಗುಂಪಾಗಿ ಕೂತು ಇಇಪ್ರಾಮು ಓದಿಸುತ್ತಾರೆ. ಈ ಕಡೆಯವರು ಏಳನೆಯ ಮನೆ ಗಟ್ಟಿಯಾಗಿ ಹೇಳುತ್ತಾರೆ, ಆ ಕಡೆಯವರು “ಹೌದು” ಅನ್ನುತ್ತಾರೆ. ಎಂಟನೆಯ ಮನೆ, ಹೌದು. ಒಂಬತ್ತನೆಯದಕ್ಕೆ ಬರುವಷ್ಟರಲ್ಲಿ ಕೋಣೆಯಲ್ಲಿ ಸದ್ದಿರುವುದಿಲ್ಲ.